ಅನುಮತಿ ಕೇಳದ ಕಣ್ಣು

ಖಲೀಫಾ ಹಝ್ರತ್ ಉಮರ್(ರ) ರಾತ್ರಿ ಗಸ್ತಿನಲ್ಲಿದ್ದಾಗ ಮನೆಯೊಂದರೊಳಗಿನ ಸದ್ದು ಕೇಳಿ ಗೋಡೆ ಹತ್ತಿ ಒಳಗಿಳಿದ ಪ್ರಸಂಗವನ್ನು ನಮ್ಮ ವಿದ್ವಾಂಸರು ಉಲ್ಲೇಖಿಸುತ್ತ ಬಂದಿದ್ದಾರೆ. ಮನೆಯವನು ತಪ್ಪು ಮಾಡುತ್ತಿದ್ದುದು ನಿಜ. ಆದರೂ ಆತ ಅಳುಕಲಿಲ್ಲ. ತನ್ನದು ಒಂದು ತಪ್ಪಾದರೆ ಖಲೀಫರದು ಮೂರು ಎಂದನು: ಗುಟ್ಟು ಕೆದಕಿದ್ದು, ಬಾಗಿಲು ಬಿಟ್ಟು ಗೋಡೆಯಿಂದ ಬಂದದ್ದು, ಸಲಾಮ್ ಹೇಳಿ ಅನುಮತಿ ಕೇಳದಿದ್ದುದು. ಈ ಮೂರರ ಬಗ್ಗೆಯೂ ಪವಿತ್ರ ಕುರ್‌ಆನಿನ ಆದೇಶಗಳಿವೆ (49:12, 2:189, 24:27). ಖಲೀಫರು ಅವನ ಮಾತನ್ನೊಪ್ಪಿ ಹಿಂದಿರುಗಿದರು.

ಇಂದು ಗೋಡೆ ಹತ್ತುವ ಅಗತ್ಯವೇ ಇಲ್ಲ. ಬೆರಳಚ್ಚಿನ ಯಂತ್ರ, ಕೈಯಲ್ಲಿನ ಮೊಬೈಲು ನಮ್ಮ ಬದುಕನ್ನು ಹೊರಗಿನಿಂದಲೇ ಓದಬಲ್ಲವು. ಇದನ್ನು ಸಾಮಾನ್ಯ ಮನುಷ್ಯ ಎದುರಿಸಬಲ್ಲನೇ?

ನಮ್ಮ ನಾಡಿನ ಇತಿಹಾಸದಲ್ಲೇ ಉತ್ತರವಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಸಂಸತ್ತಿನ ಕಾಯ್ದೆಯಿಲ್ಲದೆ ಜನರ ಬೆರಳಚ್ಚು, ಕಣ್ಣಿನ ಗುರುತು ಸಂಗ್ರಹಿಸುವುದು ಹೇಗೆಂಬುದು ಅವರ ಪ್ರಶ್ನೆಯಾಗಿತ್ತು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದು ಸರ್ಕಾರವು 1954 ಮತ್ತು 1962ರ ತೀರ್ಪುಗಳನ್ನು ಮುಂದಿಟ್ಟು ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಒಮ್ಮತದಿಂದ ಅದು ಮೂಲಭೂತ ಹಕ್ಕೆಂದು ಸಾರಿತು. ಆ ಪೀಠದಲ್ಲಿ ದಕ್ಷಿಣ ಕನ್ನಡದವರಾದ ಎಸ್. ಅಬ್ದುಲ್ ನಝೀರ್ ಅವರೂ ಇದ್ದರು.

ಆದರೆ ಗೆಲುವು ಪೂರ್ಣವಾಗಿರಲಿಲ್ಲ. 2018ರ ಸೆಪ್ಟೆಂಬರ್ 26ರಂದು ಐವರಲ್ಲಿ ನಾಲ್ವರು ಆಧಾರ್ ಕಾಯ್ದೆಯನ್ನು ಎತ್ತಿಹಿಡಿದರು. ಬ್ಯಾಂಕ್ ಖಾತೆಗೆ, ಸಿಮ್‌ಗೆ, ಶಾಲಾ ಪ್ರವೇಶಕ್ಕೆ ಅದನ್ನು ಕಡ್ಡಾಯಗೊಳಿಸಬಾರದೆಂದರು. ಪಡಿತರದಂತಹ ಸೌಲಭ್ಯಗಳಿಗೆ ಉಳಿಸಿದರು.

ಇಂಡಿಯ ಲಿಂಬೆ ತೋಟದಲ್ಲಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ತೊಗರಿ ಹೊಲಗಳಲ್ಲಿ ದುಡಿದು ಸವೆದ ಬೆರಳನ್ನು ನ್ಯಾಯಬೆಲೆ ಅಂಗಡಿಯ ಯಂತ್ರ ಗುರುತಿಸದಿದ್ದಾಗ ಆ ತೀರ್ಪಿನ ಇನ್ನೊಂದು ಮಾತು ನೆನಪಿರಬೇಕು: ಗುರುತು ಹೊಂದಲಿಲ್ಲವೆಂಬ ಕಾರಣಕ್ಕೆ ಅರ್ಹರಿಗೆ ಸೌಲಭ್ಯ ತಪ್ಪಬಾರದು. ಇದನ್ನರಿಯದ ವೃದ್ಧ ತಾಯಿ ಖಾಲಿ ಚೀಲದೊಡನೆ ಮರಳುತ್ತಾಳೆ. ಅವಳ ಜೊತೆ ಅಂಗಡಿಗೆ ಹೋಗಿ ಕೇಳುವುದು ಅಕ್ಷರ ಬಲ್ಲ ನಮ್ಮ ಮಕ್ಕಳ ಹೊಣೆ.

ನಮ್ಮನ್ನೂ ನಾವು ಪ್ರಶ್ನಿಸಿಕೊಳ್ಳೋಣ. ನಿಕಾಹ್ ಸಮಾರಂಭದ ಹೆಣ್ಣುಮಕ್ಕಳ ಚಿತ್ರಗಳನ್ನು, ನೆರವು ಪಡೆದ ಬಡವರ ಮುಖಗಳನ್ನು ಅನುಮತಿ ಕೇಳದೆ ವಾಟ್ಸಾಪಿನಲ್ಲಿ ಹರಡುವವರು ನಾವೇ ಅಲ್ಲವೇ? ಅದೂ ಗೋಡೆ ಹತ್ತಿದಂತೆಯೇ.

ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ನಿಧನರಾದರು. ಯಂತ್ರಗಳನ್ನು ಅವರು ನಿಲ್ಲಿಸಲಿಲ್ಲ, ನಿಲ್ಲಿಸಲು ಹೊರಟವರೂ ಅಲ್ಲ. ಒಳಬರುವ ಮುನ್ನ ಬಾಗಿಲು ತಟ್ಟಬೇಕೆಂದು ಪ್ರಭುತ್ವಕ್ಕೆ ನೆನಪಿಸಿದರು. ಆ ಬಾಗಿಲನ್ನು ಕಾಯುವ ಕೆಲಸ ಈಗ ನಮ್ಮದು. ಅಲ್ಲಾಹನು ನಮ್ಮೆಲ್ಲರ ಮಾನವನ್ನು ರಕ್ಷಿಸಲಿ, ಇತರರ ಮಾನವನ್ನು ಕಾಪಾಡುವ ಸದ್ಬುದ್ಧಿಯನ್ನೂ ನೀಡಲಿ. ಆಮೀನ್.