ಪಾಲಿಪ್

ಹಿಂದಿನ ಬೌರಿಂಗ್‌ಪೇಟೆ ಇಂದು ಬಂಗಾರಪೇಟೆ. ಊರಿನ ಹೆಸರಂತೆ ಕಾಯಿಲೆಯ ಹೆಸರೂ ರೂಪ ಬದಲಿಸುತ್ತದೆ. ಗ್ರೀಕಿನಲ್ಲಿ ‘ಪೊಲಿ’ ಎಂದರೆ ಹಲವು, ‘ಪೌಸ್’ ಎಂದರೆ ಕಾಲು. ‘ಪೊಲಿಪೌಸ್’ ಮೊದಲು ಅಷ್ಟಪದಿಯ ಹೆಸರು. ಮೂಗಿನೊಳಗೆ ಬೆಳೆಯುವ ಮಾಂಸಕ್ಕೂ ಗ್ರೀಕ್ ವೈದ್ಯರು ಅದನ್ನೇ ಇಟ್ಟರು. ಮೂಗಿನದನ್ನು ಕನ್ನಡದಲ್ಲಿ ‘ದುರ್ಮಾಂಸ’ ಅನ್ನುವುದುಂಟು. ಕರುಳಿನೊಳಗೆ ಬೆಳೆಯುವುದು ಆ ಗ್ರೀಕ್ ಹೆಸರಿನಿಂದ ಬಂದ ‘ಪಾಲಿಪ್’ ಎಂದೇ ಉಳಿದಿದೆ.

ಕೆಜಿಎಫ್‌ನಲ್ಲಾಗಲಿ ಬಂಗಾರಪೇಟೆಯಲ್ಲಾಗಲಿ, ಮಗುವಿನ ಮಲದಲ್ಲಿ ರಕ್ತ ಕಂಡರೆ ಬಾಯಿಗೆ ಬರುವ ಪದ ‘ಮೂಲವ್ಯಾಧಿ’. ಎಳೆಯ ಮಕ್ಕಳಲ್ಲಿ ಅದು ಅಪರೂಪ. ನೋವಿಲ್ಲದೆ ರಕ್ತ ಬಂದರೆ ತೊಟ್ಟಿರುವ ಹಣ್ಣಿನಂಥ ಒಂಟಿ ಪಾಲಿಪ್ ಇರಬಹುದು. ಅದು ಸಾಮಾನ್ಯವಾಗಿ ನಿರಪಾಯ, ವಂಶದ್ದಲ್ಲ. ಕೊಲೊನೊಸ್ಕೋಪಿಯಲ್ಲಿ ತಂತಿಯ ಕುಣಿಕೆ ಹಾಕಿ ತೆಗೆಯುತ್ತಾರೆ.

ಹಲವಿದ್ದರೆ ಅದು ‘ಪಾಲಿಪೋಸಿಸ್’. ಆಗ ಮನೆತನವನ್ನೂ ವಿಚಾರಿಸಬೇಕು. ತುಟಿಯ ಮೇಲೆ ಕಪ್ಪು ಚುಕ್ಕೆಗಳಿದ್ದರೆ ಪ್ಯೂಟ್ಸ್–ಜೆಗರ್ಸ್ ಇರಬಹುದು: 1921ರಲ್ಲಿ ಡಚ್ ವೈದ್ಯ ಪ್ಯೂಟ್ಸ್, 1949ರಲ್ಲಿ ಅಮೆರಿಕದ ಜೆಗರ್ಸ್ ಮತ್ತು ಸಂಗಡಿಗರು ವಿವರಿಸಿದ ಕಾಯಿಲೆ. ಎಪಿಸಿ ಎಂಬ ಜೀನ್ ಕೆಟ್ಟರೆ ದೊಡ್ಡ ಕರುಳಿನಲ್ಲಿ ನೂರಾರು ಪಾಲಿಪ್ ಮೂಡಿ, ಮುಂದೆ ಕ್ಯಾನ್ಸರ್ ಆಗಬಲ್ಲವು. ಇಂಥವರಿಗೆ ಜೀನ್ ಪರೀಕ್ಷೆ, ಕಾಲಕಾಲಕ್ಕೆ ತಪಾಸಣೆ, ಕೆಲವೊಮ್ಮೆ ಶಸ್ತ್ರಚಿಕಿತ್ಸೆ ಬೇಕು. ‘ಮೂಲ’ ಹುಡುಕಬೇಕಾದದ್ದು ವಂಶದಲ್ಲಿ.