ಅಡುಗೆ ಸೋಡಾಕ್ಕೂ ಮೊದಲಿನ ಜ್ವಾಲಾಮುಖಿಗಳು

ಶಾಲೆಯ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಮಕ್ಕಳು ಮುತ್ತಿಕೊಳ್ಳುವುದು ಜ್ವಾಲಾಮುಖಿ ಇಟ್ಟ ಮೇಜನ್ನೇ. ಮಣ್ಣಿನ ಗುಡ್ಡ, ನೆತ್ತಿಯಲ್ಲಿ ಹುದುಗಿಸಿದ ಬಾಟಲಿ, ಅದರೊಳಗೆ ಅಡುಗೆ ಸೋಡಾ; ಕೆಂಪು ಬಣ್ಣ ಬೆರೆಸಿದ ವಿನೆಗರ್ ಸುರಿದರೆ ಬುಸ್ಸೆಂದು ನೊರೆ. ಆಟಿಕೆ ಎಂದುಕೊಂಡು ನಾವು ಮುಂದಿನ ಮೇಜಿಗೆ ಹೋಗಿಬಿಡುತ್ತೇವೆ. ಇದರ ಪೂರ್ವಜರನ್ನು ಮಾತ್ರ ಯಾರೂ ಆಟಿಕೆ ಎನ್ನುತ್ತಿರಲಿಲ್ಲ. ಬೆಟ್ಟವೊಂದು ಬೆಂಕಿ ಕಾರುವುದೇಕೆ ಎಂಬ ಪ್ರಶ್ನೆಗೆ ದೊಡ್ಡ ವಿದ್ವಾಂಸರು ಕೊಟ್ಟ ಉತ್ತರಗಳು ಅವು.

1700ರಲ್ಲಿ ನಿಕೋಲಾ ಲೆಮೆರಿ ಎಂಬ ರಸಾಯನಶಾಸ್ತ್ರಜ್ಞ ತನ್ನದೊಂದು ಪ್ರಯೋಗವನ್ನು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟ. ಕಬ್ಬಿಣದ ಪುಡಿ, ಗಂಧಕ ಸಮಸಮ ಸೇರಿಸಿ ನೀರಿನಲ್ಲಿ ಕಲಸಿದ್ದ. ಬೇಸಿಗೆಯಲ್ಲಿ, ಊರಾಚೆ ಗುಂಡಿ ತೋಡಿಸಿ, ಸುಮಾರು 25 ಕಿಲೋ ಮಿಶ್ರಣ ತುಂಬಿದ ಪಾತ್ರೆಯನ್ನು ಅದರಲ್ಲಿಟ್ಟು, ಬಟ್ಟೆ ಹೊದಿಸಿ ಮೇಲೆ ಒಂದಡಿ ಮಣ್ಣು ಮುಚ್ಚಿದ. ಎಂಟೊಂಬತ್ತು ಗಂಟೆ ಕಳೆದ ಮೇಲೆ ನೆಲ ಉಬ್ಬಿತು, ಬಿಸಿಯಾಯಿತು, ಬಿರುಕು ಬಿಟ್ಟಿತು. ಗಂಧಕದ ಬಿಸಿ ಆವಿ ಬಂತು, ಹಿಂದೆಯೇ ಒಂದಿಷ್ಟು ಜ್ವಾಲೆ. ಬೆಂಕಿ ಹಚ್ಚಿದವರು ಯಾರೂ ಇರಲಿಲ್ಲ! ಆ ಎಂಟು ಗಂಟೆಗಳ ಕಾಯುವಿಕೆ ಹೇಗಿದ್ದಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಭೂಮಿಯ ಒಡಲಲ್ಲೂ ಇದೇ ನಡೆಯುತ್ತದೆ ಎಂದು ಲೆಮೆರಿ ನಂಬಿದ. ಭೂಕಂಪಕ್ಕೆ, ಕೊನೆಗೆ ಗುಡುಗು ಮಿಂಚಿಗೂ ಇದೇ ಕಾರಣವೆಂದ. ಪ್ರಯೋಗವೊಂದು ಕೈಹಿಡಿದ ಹುಮ್ಮಸ್ಸು ಅವನನ್ನು ಆಕಾಶದವರೆಗೂ ಕೊಂಡೊಯ್ದಿತ್ತು.

ಹಮ್ಫ್ರಿ ಡೇವಿ 1807ರಲ್ಲಿ ಪೊಟ್ಯಾಸಿಯಂ ಅನ್ನು ಬೇರ್ಪಡಿಸಿದವನು. ನೀರು ತಗುಲಿದರೆ ಹತ್ತಿಕೊಳ್ಳುವ ಲೋಹ ಅದು. ನೆಲದಾಳದಲ್ಲಿ ಇಂಥ ಲೋಹಗಳಿದ್ದು, ಅವಕ್ಕೆ ನೀರು ಮುಟ್ಟಿದಾಗ ಬೆಟ್ಟ ಸಿಡಿಯುತ್ತದೆ ಎಂಬುದು ಅವನ ಊಹೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಪುಟ್ಟ ಬೆಟ್ಟವೊಂದರೊಳಗೆ ಆ ಲೋಹಗಳನ್ನಿಟ್ಟು, ನೀರು ಹೊಯ್ದು ತೋರಿಸಿದ. ಸಭೆ ಚಪ್ಪಾಳೆ ತಟ್ಟಿತು. ಮುಂದೆ ನಿಜವಾದ ವೆಸೂವಿಯಸ್ಸಿಗೇ ಹೋಗಿ ಲಾವಾ ಪರೀಕ್ಷಿಸಿದ. 1828ರಲ್ಲಿ ಪ್ರಕಟವಾದ ಲೇಖನದಲ್ಲಿ, ಭೂಗರ್ಭದಲ್ಲಿ ದ್ರವವಿದೆ ಎಂಬ ವಿವರಣೆ ಇನ್ನೂ ಸರಳವಾದದ್ದು ಎಂದು ಬರೆದ. ಚಪ್ಪಾಳೆ ಗಿಟ್ಟಿಸಿದ ಮೇಲೆ ಹಾಗೆ ಬರೆಯುವುದಕ್ಕೆ ಗುಂಡಿಗೆ ಬೇಕು.

ಬೆಟ್ಟದೊಳಗೆ ವಿನೆಗರ್ ಇಲ್ಲವೆಂಬುದು ಇಂದಿನ ಮಕ್ಕಳಿಗೂ ಗೊತ್ತು. ಆದರೂ ಒಂದು ವಿಷಯದಲ್ಲಿ ಸೋಡಾ ಮಾದರಿ ಲೆಮೆರಿಗಿಂತ ನಿಜಕ್ಕೆ ಹತ್ತಿರ. ನೊರೆಯನ್ನು ಮೇಲಕ್ಕೆ ತಳ್ಳುವುದು ಇಂಗಾಲದ ಡೈಆಕ್ಸೈಡಿನ ಗುಳ್ಳೆಗಳು. ಕರಗಿದ ಶಿಲೆಯಲ್ಲೂ ನೀರು, ಇಂಗಾಲದ ಡೈಆಕ್ಸೈಡ್ ಬೆರೆತಿರುತ್ತವೆ; ಅದು ಮೇಲೇರಿ ಒತ್ತಡ ಇಳಿದಂತೆ ಅವು ಗುಳ್ಳೆಗಟ್ಟಿ ಅದನ್ನು ಹೊರಗೆಸೆಯುತ್ತವೆ. ನನ್ನ ತಕರಾರಿರುವುದು ಗುಡ್ಡದ ಆಕಾರದ ಬಗ್ಗೆ.

ವಿಜಯಪುರ ಜಿಲ್ಲೆಯ ಶಾಲೆಯೊಂದರಲ್ಲಿ ಏಳನೆಯ ತರಗತಿಯ ಹುಡುಗಿ ಹೊಲದ ಎರೆಮಣ್ಣಿನಿಂದ ಚೂಪಾದ ಗುಡ್ಡ ಕಟ್ಟಿದ್ದಳು. ಇಂಥದ್ದು ಎಲ್ಲಿದೆ ಎಂದು ಕೇಳಿದೆ. “ಜಪಾನಿನ್ಯಾಗ ಐತ್ರೀ ಸರ” ಎಂದಳು. ಸರಿಯಾದ ಉತ್ತರವೇ. ಆದರೆ ಅವಳ ಕೈಗೆ ಅಂಟಿದ್ದ ಮಣ್ಣು ಬಸಾಲ್ಟ್ ಶಿಲೆ ಸವೆದು ಆದದ್ದು. ಆ ಶಿಲೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಚೂಪು ಶಿಖರದಿಂದ ಬಂದದ್ದಲ್ಲ ಅದು. ನೆಲದ ಉದ್ದನೆಯ ಬಿರುಕುಗಳಿಂದ ಉಕ್ಕಿ, ಪದರದ ಮೇಲೆ ಪದರವಾಗಿ ಹಾಸಿಕೊಂಡಿತು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹಬ್ಬಿದೆ. ಗೋಳಗುಮ್ಮಟ ಕಟ್ಟಿದ್ದೂ ಅದೇ ಕಲ್ಲಿನಿಂದ.

ಇಷ್ಟನ್ನು ಹೇಳಿದಾಗ ಅವಳು ತನ್ನ ಗುಡ್ಡವನ್ನೊಮ್ಮೆ ನೋಡಿದಳು. “ಹಂಗಾದ್ರ ಗುಡ್ಡ ಯಾಕ ಬೇಕ್ರಿ ಸರ?”

ತೀರ್ಪುಗಾರರು ಬರುವ ಹೊತ್ತಿಗೆ, ಮಿಕ್ಕ ಮಣ್ಣನ್ನು ತಟ್ಟೆಯಲ್ಲಿ ಚಪ್ಪಟೆಯಾಗಿ ಬಡಿದು, ಬೆರಳಿನಿಂದ ಉದ್ದಕ್ಕೊಂದು ಗೀರು ಎಳೆದು, ಅದಕ್ಕೆ ಸೋಡಾ ತುಂಬುತ್ತಿದ್ದಳು.