ಹಳೇ ಸೀರೆಯಿಂದ ಪಾಪ್‌ಅಪ್ ಫಿಲ್ಟರ್‌ವರೆಗೆ: ಮಳೆನೀರು ಸೋಸಿದ ಕಥೆ

ನಮ್ಮ ಬಾಗೂರು, ಹೊಸದುರ್ಗ ಸೀಮೆಯಲ್ಲಿ ಬೋರ್ ಆಳಕ್ಕೆ ಹೋದಷ್ಟೂ ಫ್ಲೋರೈಡ್ ಭಯ. ಅದಕ್ಕೇ ಈಗ ಚಾವಣಿ ನೀರು ಹಿಡಿಯೋಣ ಅನ್ನೋರು ಹೆಚ್ಚಾಗಿದ್ದಾರೆ. ಎಲ್ಲರೂ ಕೇಳೋ ಮೊದಲ ಪ್ರಶ್ನೆ, "ಫಿಲ್ಟರ್‌ಗೆ ಎಷ್ಟಾಗುತ್ತೆ?" ರೇಟು ಕೇಳೋ ಮುಂಚೆ ಈ ಫಿಲ್ಟರ್ ಎಲ್ಲಿಂದ ಬಂತು ಅಂತ ತಿಳಿದರೆ ಅರ್ಧ ದುಡ್ಡು ಉಳಿಯುತ್ತೆ.

ನಮ್ಮ ದುರ್ಗದ ಕೋಟೆಯನ್ನೇ ನೋಡಿ. ಅಲ್ಲಿ ಬಂಡೆಯೇ ಚಾವಣಿ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡ, ಸಂತೆ ಹೊಂಡಕ್ಕೆ. ಒಂದೊಂದು ಹೊಂಡದಲ್ಲೂ ನೀರು ನಿಂತಾಗ ಮಣ್ಣು ತಳಕ್ಕೆ ಕೂರುತ್ತೆ, ಮೇಲಿನ ತಿಳಿ ಮುಂದಕ್ಕೆ ಹೋಗುತ್ತೆ. ಕಾಸಿಲ್ಲದ ಮೊದಲ ಫಿಲ್ಟರ್ ಅಂದ್ರೆ ಇದೇ, ನೀರನ್ನು ನಿಲ್ಲಿಸೋದು.

ಎರಡನೆಯದು ಬಟ್ಟೆ. ಹಿಂದೆ ಕರ್ನಾಟಕದಲ್ಲೂ ನಾರುಹುಣ್ಣಿನ ಕಾಟ ಇತ್ತು. ನೀರಿನ ಸಣ್ಣ ಹುಳದೊಳಗೆ ಸೇರಿದ ಮರಿ ಹೊಟ್ಟೆಗೆ ಹೋಗಿ, ವರ್ಷ ಕಳೆದ ಮೇಲೆ ಕಾಲಿನಿಂದ ದಾರದ ಹಾಗೆ ಹೊರಗೆ ಬರ್ತಿತ್ತು. ಅದಕ್ಕೆ ಲಸಿಕೆ ಇರಲಿಲ್ಲ. ಜನ ನೀರನ್ನು ಬಟ್ಟೆಯಲ್ಲಿ ಸೋಸಿದ್ದು, ಮೆಟ್ಟಿಲು ಬಾವಿಗೆ ಇಳಿಯೋದು ಬಿಟ್ಟಿದ್ದು ದೊಡ್ಡ ಕೆಲಸ ಮಾಡ್ತು. 2000ದಲ್ಲಿ ಭಾರತ ಈ ರೋಗದಿಂದ ಮುಕ್ತ ಅಂತ ಘೋಷಣೆ ಆಯ್ತು. ಬಾಂಗ್ಲಾದೇಶದಲ್ಲಿ ರೀಟಾ ಕೋಲ್ವೆಲ್ ಎಂಬ ವಿಜ್ಞಾನಿಯ ತಂಡ ಹಳೇ ಸೀರೆ ಮಡಿಸಿ ನೀರು ಸೋಸಿಸಿ ನೋಡಿತು. ಕಾಲರಾ ಸುಮಾರು ಅರ್ಧದಷ್ಟು ಕಡಿಮೆ ಆಯ್ತು ಅಂತ 2003ರಲ್ಲಿ ಪ್ರಕಟವಾಯ್ತು. ಹೊಸ ಸೀರೆಗಿಂತ ಹಳೇದೇ ವಾಸಿ. ಒಗೆದು ಒಗೆದು ಎಳೆ ಬಿಚ್ಚಿಕೊಂಡು ಅದರ ತೂತು ಸಣ್ಣ ಆಗಿರುತ್ತೆ.

ಮೂರನೆಯದು ಮರಳು. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಊರಿನಲ್ಲಿ ಕಾಲರಾಕ್ಕೆ 8,000ಕ್ಕೂ ಹೆಚ್ಚು ಜನ ಸತ್ತರು. ಪಕ್ಕದ ಆಲ್ಟೋನಾ ಊರಿನವರು ಅದೇ ಎಲ್ಬೆ ಹೊಳೆಯ ನೀರನ್ನು, ಅದೂ ಹ್ಯಾಂಬರ್ಗ್‌ನ ಕೊಳೆ ಸೇರಿದ ಮೇಲೆ ಎತ್ತುತ್ತಿದ್ದರು. ಆದ್ರೆ ಮರಳಲ್ಲಿ ಸೋಸುತ್ತಿದ್ದರು. ಅವರು ಬಹುಪಾಲು ಪಾರಾದರು.

ಇನ್ನು ನಮ್ಮ ಮನೆಗಳು. ಮಣ್ಣಿನ ಮಾಳಿಗೆ ಇದ್ದಾಗ ಚಾವಣಿ ನೀರು ಕುಡಿಯೋ ಮಾತೇ ಇರಲಿಲ್ಲ, ಕೆಂಪು ರಾಡಿ. 1865ರಲ್ಲಿ ಮಂಗಳೂರಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಶುರು ಮಾಡಿದರು. ಬರಬರುತ್ತಾ ಹೆಂಚು, ತಗಡು, ಆರ್‌ಸಿಸಿ ನಮ್ಮ ಹಳ್ಳಿಗಳಿಗೂ ಬಂತು. ಆಮೇಲೆ ಚಾವಣಿ ನೀರು ಸೋಸೋ ಮಟ್ಟಕ್ಕೆ ಬಂತು.

ಬೆಂಗಳೂರಿನ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಎ.ಆರ್. ಶಿವಕುಮಾರ್ ಅವರು ತಮ್ಮ ಮನೆಯಲ್ಲೇ ಮಳೆನೀರು ನಂಬಿ ಬದುಕಿ ತೋರಿಸಿದವರು. ಅವರ ಪಾಪ್‌ಅಪ್ ಫಿಲ್ಟರ್ ಗೋಡೆಯ ಪೈಪಿಗೇ ಕೂರುತ್ತೆ. ಕಸ ಕಟ್ಟಿಕೊಂಡರೆ ಒಳಗಿನ ಜಾಲರಿ ತಾನೇ ಮೇಲೆದ್ದು ತೋರಿಸುತ್ತೆ, ತೊಳೆದು ಮತ್ತೆ ಹಾಕೋದು. 2006ರಲ್ಲಿ ರಾಜ್ಯಕ್ಕೆ 50 ತುಂಬಿದಾಗ ಹಳ್ಳಿ ಶಾಲೆಗಳಿಗೆ ಸುವರ್ಣ ಜಲ ಯೋಜನೆ ಬಂತು. ಎಷ್ಟೋ ಕಡೆ ತೊಟ್ಟಿ ಉಳೀತು, ಫಿಲ್ಟರ್ ತೊಳೆಯೋರು ಉಳೀಲಿಲ್ಲ. ಸೋತದ್ದು ಮರಳೂ ಅಲ್ಲ, ಜಲ್ಲೀನೂ ಅಲ್ಲ.

ಕಡಿಮೆ ಖರ್ಚಿಗೆ ಒಂದು ಡ್ರಮ್ ಸಾಕು. ತಳಕ್ಕೆ ದಪ್ಪ ಜಲ್ಲಿ, ಮೇಲೆ ಸಣ್ಣ ಜಲ್ಲಿ, ಇದ್ದಿಲು, ಮರಳು, ನಡುನಡುವೆ ನೈಲಾನ್ ಜಾಲರಿ. ಮೊದಲ ಮಳೆ ನೀರು ಹೊರಗೆ ಬಿಡಿ. ಮಳೆಗಾಲದ ಮುಂಚೆ ಎಲ್ಲಾ ತೆಗೆದು ತೊಳೆಯಿರಿ. ಕುಡಿಯೋಕೆ ಕುದಿಸಲೇಬೇಕು. ಒಂದು ಮಾತು ಮರೆಯಬೇಡಿ: ಬೋರ್ ನೀರಿನ ಫ್ಲೋರೈಡ್ ಈ ಡ್ರಮ್ಮಿಂದಲೂ ಹೋಗಲ್ಲ, ಕುದಿಸಿದರೂ ಹೋಗಲ್ಲ. ಮಳೆನೀರಲ್ಲಿ ಅದು ಇಲ್ಲವೇ ಇಲ್ಲ ಅನ್ನೋ ಅಷ್ಟು ಕಡಿಮೆ.

ಲೆಕ್ಕ ಹಾಕಿ. 1,000 ಚದರಡಿ ಚಾವಣಿ, ವರ್ಷಕ್ಕೆ 500 ಮಿ.ಮೀ. ಮಳೆ ಅಂತ ಹಿಡಿದರೆ, ಐದರಲ್ಲಿ ಒಂದು ಪಾಲು ಪೋಲಾದರೂ 37,000 ಲೀಟರ್ ಸಿಗುತ್ತೆ. ಐದು ಜನಕ್ಕೆ ಕುಡಿಯೋಕೆ, ಅಡಿಗೆಗೆ ದಿನಕ್ಕೆ 25 ಲೀಟರ್ ಅಂದ್ರೂ ವರ್ಷಕ್ಕೆ ಬೇಕಾಗೋದು 9,125 ಲೀಟರ್. ಮಕ್ಕಳ ಹಲ್ಲು, ಮೂಳೆ ಉಳಿಸೋ ಅಷ್ಟು ನೀರು ಚಾವಣಿ ಮೇಲೇ ಬೀಳ್ತಿದೆ. ಡ್ರಮ್ ತೊಳೆಯೋ ದಿನ ಯಾವುದು ಅಂತ ಈಗಲೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಬಿಡಿ.